ದೇವರು ಇಬ್ಬರಿಗೂ ಹೇಳುತ್ತಾರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಬಂದಿರುವ ಯೌವನಸ್ಥರೇ, ಬೆಂಗಳೂರು, ಹುಬ್ಬಳ್ಳಿಯಲ್ಲಿ ಕೂತು ಇದನ್ನ ಓದುತ್ತಿರುವವರೇ, ಇವತ್ತು ಒಂದೇ ಪ್ರಶ್ನೆ. "ದೇವರು ನನಗೆ ಹೇಳಿದ್ರು" ಅಂತೀವಲ್ಲ, ಆ ಮಾತಿಗೆ ಇನ್ನೊಬ್ಬರ ಮೇಲೆ ಎಷ್ಟು ಅಧಿಕಾರ ಇದೆ?

ದೇವರು ಇಂದಿಗೂ ಮಾತಾಡುತ್ತಾರೆ. ವಾಕ್ಯ ಓದುವಾಗ, ಪ್ರಾರ್ಥನೆಯಲ್ಲಿ, ಹಿರಿಯರ ಬುದ್ಧಿಮಾತಿನಲ್ಲಿ ಮಾತಾಡುತ್ತಾರೆ. ಬಸ್ಸಲ್ಲಿ ಕೂತಾಗ ಯಾರದೋ ನೆನಪು ತಂದು, ಅವರಿಗೆ ಒಂದು ಫೋನ್ ಮಾಡು ಅಂತ ಪ್ರೇರಿಸುತ್ತಾರೆ. ಪ್ರವಾದನೆಯ ವರವನ್ನೂ ನಾವು ನಂಬುತ್ತೇವೆ. ನಂಬುವುದರಿಂದಲೇ ಈ ಪ್ರಶ್ನೆ ನಮಗೆ ದೊಡ್ಡದು.

ಒಬ್ಬ ತಂಗಿ ನನ್ನ ಹತ್ತಿರ ಬಂದಿದ್ಲು. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಪರಿಚಯದ ಸಹೋದರನೊಬ್ಬ, "ನೀವೇ ನನ್ನ ಜೀವನ ಸಂಗಾತಿ ಅಂತ ದೇವರು ನನಗೆ ತೋರಿಸಿದ್ದಾರೆ" ಅಂದನಂತೆ. ಅವಳಿಗೆ ಮನಸ್ಸಿಲ್ಲ. ಆದ್ರೆ ರಾತ್ರಿ ನಿದ್ದೆಯೂ ಇಲ್ಲ. "ಪಾಸ್ಟರ್, ನಾನು ಬೇಡ ಅಂದ್ರೆ ಅದು ಅವರಿಗೆ ಹೇಳಿದ ಹಾಗಾ, ದೇವರಿಗೇ ಹೇಳಿದ ಹಾಗಾ?"

ಆ ಸಹೋದರ ಸುಳ್ಳುಗಾರ ಅಂತ ನಾನು ಹೇಳಲ್ಲ. ಆಸೆ ಹುಟ್ಟಿದಾಗ ನಮ್ಮ ಮನಸ್ಸಿನ ದನಿ ತುಂಬ ಜೋರು, ಉಪವಾಸ ಪ್ರಾರ್ಥನೆಯಲ್ಲೂ ಅದು ಸುಮ್ಮನಿರಲ್ಲ. ಆದ್ರೆ ಅವನ ಮಾತು ಏನು ಮಾಡಿತು ನೋಡಿ. "ನೀವು ನನಗೆ ಇಷ್ಟ" ಅಂದಿದ್ರೆ ಅವಳು ಹೌದು ಅನ್ನಬಹುದಿತ್ತು, ಇಲ್ಲ ಅನ್ನಬಹುದಿತ್ತು. ದೇವರ ಹೆಸರು ಸೇರಿದ ಕೂಡಲೇ ಇಲ್ಲ ಅನ್ನುವುದೇ ಪಾಪ ಅನ್ನಿಸಿಬಿಡ್ತು. ದೇವರ ನಾಮವನ್ನು ಅಯೋಗ್ಯವಾಗಿ ಎತ್ತಬಾರದು ಅನ್ನುವ ಆಜ್ಞೆ ಇಲ್ಲಿಗೂ ಅನ್ವಯಿಸುತ್ತೆ.

ಸತ್ಯವೇದ ತೆಗೆದು ನೋಡಿ. ಲೂಕ 1ರಲ್ಲಿ ದೂತನು ಮರಿಯಳ ಬಳಿಗೇ ಬಂದನು. ಅವಳು ಪ್ರಶ್ನೆ ಕೇಳಿದಳು, ಉತ್ತರ ಸಿಕ್ಕಿತು, ಆಮೇಲೆ ಒಪ್ಪಿದಳು. ಮತ್ತಾಯ 1ರಲ್ಲಿ ಯೋಸೇಫನಿಗೆ ಬೇರೆಯಾಗಿ ಕನಸಿನಲ್ಲಿ ತಿಳಿಸಲಾಯಿತು. ಅಪೊಸ್ತಲರ ಕೃತ್ಯಗಳು 9ರಲ್ಲಿ ಅನನೀಯನಿಗೆ ದರ್ಶನ, ಅವನು ಬರುವುದನ್ನು ಸೌಲನಿಗೂ ತೋರಿಸಲಾಗಿತ್ತು. 10ರಲ್ಲಿ ಕೊರ್ನೇಲ್ಯನಿಗೊಂದು ದರ್ಶನ, ಪೇತ್ರನಿಗೊಂದು. ಇಬ್ಬರ ದಾರಿ ಕೂಡಬೇಕಾದ ಕಡೆ ದೇವರು ಇಬ್ಬರಿಗೂ ಹೇಳಿದರು.

"ನಾತಾನನು ದಾವೀದನಿಗೆ ಹೇಳಲಿಲ್ವಾ?" ಅಂತ ನೀವು ಕೇಳಬಹುದು. ಹೇಳಿದನು. ಆದ್ರೆ ಅದು ದಾವೀದನು ಮಾಡಿ ಮುಗಿಸಿದ್ದ ಪಾಪದ ವಿಷಯ. ನಾತಾನನಿಗೆ ಅದರಿಂದ ಲಾಭ ಏನೂ ಇರಲಿಲ್ಲ, ಅರಸನ ಕೋಪದ ಭಯ ಮಾತ್ರ ಇತ್ತು. ನನಗೆ ಬೇಕಾದದ್ದನ್ನೇ ದೇವರು ನಿನಗೆ ಆಜ್ಞೆ ಮಾಡಿದ್ದಾರೆ ಅಂತ ಯಾರಾದ್ರೂ ಹೇಳಿದ್ರೆ, ಅಲ್ಲಿ ನಿಂತು ಯೋಚಿಸಿ.

ನಮ್ಮ ಶಿರಸಿ ಮಾರ್ಕೆಟ್ಟಿಗೆ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಲ್ಲ ಬರುತ್ತೆ. "ಒಳ್ಳೇ ಅಡಿಕೆ" ಅಂತ ಬಾಯಲ್ಲಿ ಹೇಳಿದ್ರೆ ಯಾರೂ ದರ ಹಾಕಲ್ಲ. ಕೈಗೆ ತಗೊಂಡು, ಕತ್ತರಿಸಿ ಒಳಗೆ ನೋಡ್ತಾರೆ. ಒಳ್ಳೇ ಅಡಿಕೆ ತಂದವನಿಗೆ ಅದು ಅವಮಾನವಲ್ಲ. 1 ಕೊರಿಂಥ 14:29ರಲ್ಲಿ ಪೌಲನು ಸಭೆಗೆ ಇಟ್ಟ ಕ್ರಮವೂ ಇದೇ. ಪ್ರವಾದನೆ ಬಂದಮೇಲೆ ಉಳಿದವರು ಅದನ್ನ ತೂಗಿ ನೋಡಬೇಕು. ದೇವರಿಂದ ಬಂದ ಮಾತು ಪರೀಕ್ಷೆಗೆ ಹೆದರಲ್ಲ, ಕಾಯುವುದರಿಂದ ಹಳಸುವುದೂ ಇಲ್ಲ.

ಆ ತಂಗಿಗೆ ನಾನು ಹೇಳಿದ್ದು ಇಷ್ಟೇ: "ಆ ಮಾತು ದೇವರದ್ದಾದ್ರೆ ನಿನಗೂ ಹೇಳ್ತಾರಮ್ಮ. ನಿನ್ನ ವಿಳಾಸ ದೇವರಿಗೆ ಗೊತ್ತು. ಈಗ ನೀನು ಬೇಡ ಅಂತಿರೋದು ಒಬ್ಬ ಮನುಷ್ಯನಿಗೆ. ಧೈರ್ಯವಾಗಿ ಹೇಳು."

ಮದುವೆ ಇರಲಿ, ಕೆಲಸ ಬಿಡುವುದಿರಲಿ, ಅಪ್ಪ ಅಮ್ಮನನ್ನ ಊರಲ್ಲಿ ಬಿಟ್ಟು ಹೋಗುವುದಿರಲಿ, ಈ ವಾರದಿಂದ ಹೀಗೆ ಹೇಳಿ ನೋಡಿ: "ನನಗೆ ಹೀಗೆ ಪ್ರೇರಣೆ ಆಗ್ತಿದೆ. ನೀವೂ ಪ್ರಾರ್ಥನೆ ಮಾಡಿ, ನಿಮಗೆ ಏನು ಅನ್ನಿಸುತ್ತೆ ಹೇಳಿ." ಹೇಳಿದ ಮೇಲೆ ಅವರ ಉತ್ತರ ಕೇಳಿಸಿಕೊಳ್ಳಿ. ಆ ಉತ್ತರದಲ್ಲೂ ದೇವರು ಮಾತಾಡಬಹುದು.

ಕರ್ತನು ನಮಗೆ ಕೇಳುವ ಕಿವಿ ಕೊಡಲಿ. ಆಮೆನ್.