ಕೊಂಡು ತಂದ ತೆನೆ



ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಸಣ್ಣ ಪೇಟೆಗಳಿಗೆ ಜೀವ ಬರುತ್ತದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ದಡದಲ್ಲಿ ಕಟ್ಟಿ ನಿಂತಿದ್ದ ಬೋಟುಗಳು ಕಡಲಿಗಿಳಿಯುತ್ತವೆ. ಗಂಗೊಳ್ಳಿಯ ಅಳಿವೆಯಲ್ಲಿ, ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ನದಿಗಳು ಒಂದಾಗಿ ಸಮುದ್ರ ಸೇರುವಲ್ಲಿ, ಮಳೆಗಾಲದ ಕೆಂಪು ನೀರು ಮೆಲ್ಲಗೆ ತಿಳಿಯಾಗುತ್ತದೆ. ಚೌತಿ ಬರುತ್ತದೆ. ಹಿಂದೂ ಬಾಂಧವರ ಮನೆಗಳಲ್ಲಿ ಮಾವು, ಹಲಸಿನ ಎಲೆಗಳೊಂದಿಗೆ ತೆನೆ ಕಟ್ಟುವ ಸಂಭ್ರಮ, ಹೊಸ್ತು ಊಟ. ನಮ್ಮ ಇಗರ್ಜಿಗಳಲ್ಲಿ ಆಗಸ್ಟ್ 30ರಿಂದ ನೊವೆನಾ, ಮಕ್ಕಳ ಬುಟ್ಟಿ ತುಂಬ ಹೂವು, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ಅದಕ್ಕೆ ನಾವು ಮೊಂತಿ ಹಬ್ಬ ಎನ್ನುತ್ತೇವೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಿಂದ ಬಂದ ಹೆಸರದು. ಅಕ್ಟೋಬರಿನಲ್ಲಿ ಮನೆಮನೆಯ ಜಪಮಾಲೆ. ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ. ಪುಸ್ತಕಗಳು ಶರದೃತು ಎಂದು ಕರೆಯುವ ಕಾಲವನ್ನು ನಾವು ಗುರುತಿಸುವುದು ಇವುಗಳಿಂದಲೇ.

ಆದರೆ ಇಂದು ನಾನು ಬರೆಯಹೊರಟಿರುವುದು ತೆನೆಯ ಬಗ್ಗೆ. ಪೂಜೆಯ ಮುಂಚೆ ಆಶೀರ್ವದಿಸಿ, ಮೆರವಣಿಗೆಯಲ್ಲಿ ತಂದು, ಮನೆಗೊಂದರಂತೆ ಹಂಚುವ ಆ ಭತ್ತದ ತೆನೆ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಿದ್ದುಂಟೇ? ಹಿಂದೆ ವಿಚಾರಣೆಯ ಯಾವುದಾದರೊಂದು ಮನೆಯ ಗದ್ದೆಯಿಂದ ಬರುತ್ತಿತ್ತು. ಈಗ ಎಷ್ಟೋ ಕಡೆ ಗದ್ದೆ ಮಣ್ಣು ತುಂಬಿಸಿಕೊಂಡು ಮನೆ ನಿವೇಶನವಾಗಿದೆ, ಇಲ್ಲವೇ ತೋಟವಾಗಿದೆ, ಇಲ್ಲವೇ ಹಡಿಲು ಬಿದ್ದಿದೆ. ಆದ್ದರಿಂದ ಗುರಿಕಾರರು ಪಕ್ಕದ ಊರಿಗೆ ಹೋಗಿ ತೆನೆ ಕೊಂಡು ತರುತ್ತಾರೆ. ಧರ್ಮೋಪದೇಶದ ತರಗತಿಯ ಹುಡುಗನೊಬ್ಬ ಇದನ್ನು ತಿಳಿದು ಕೇಳಿದ: "ಫಾದರ್, ನಾವು ಬೆಳೆಯದ ಬೆಳೆಗೆ ದೇವರಿಗೆ ಕೃತಜ್ಞತೆ ಹೇಳುವುದು ನಾಟಕ ಅಲ್ಲವೇ?"

ಇದಕ್ಕೆ ಸುಲಭದ ಉತ್ತರಗಳಿವೆ. 'ಅದು ಕೇವಲ ಸಂಕೇತ' ಎನ್ನಬಹುದು. 'ಪುನಃ ಬೇಸಾಯ ಶುರುಮಾಡೋಣ' ಎಂದೂ ಭಾಷಣ ಮಾಡಬಹುದು. (ಈ ಭಾಷಣ ಮಾಡುವವರ ಅಂಗಳದಲ್ಲಿ ಇಂಟರ್‌ಲಾಕ್ ಹಾಸಿರುತ್ತದೆ, ಅದು ಬೇರೆ ಮಾತು.) ಎರಡೂ ಉತ್ತರಗಳು ಪ್ರಶ್ನೆಯ ಮುಖ ನೋಡುವುದಿಲ್ಲ. ಹುಡುಗ ಕೇಳಿದ್ದು ಕೃತಜ್ಞತೆ ಯಾರದು, ಯಾರಿಗೆ ಎಂದು.

ಸ್ವಂತ ಗದ್ದೆ ಇದ್ದ ನಮ್ಮ ಅಜ್ಜನೇನು ತನಗೆ ತಾನೇ ವಂದನೆ ಹೇಳಿಕೊಳ್ಳುತ್ತಿದ್ದನೇ? ಮಳೆ ಅವನದಲ್ಲ; ಮೊಳಕೆಯ ಗುಟ್ಟು ಅವನದಲ್ಲ; ಬೀಜ ಕೂಡ ಹಿರಿಯರಿಂದ ಬಂದದ್ದು. ತೆನೆ ತನ್ನ ಕೈಯಲ್ಲಿದ್ದರೂ ತನ್ನಿಂದ ಬಂದದ್ದಲ್ಲ ಎಂದು ತಿಳಿದದ್ದರಿಂದಲೇ ಅವನು ಅದನ್ನು ಇಗರ್ಜಿಗೆ ಒಯ್ದ. ಹಾಗಿರುವಾಗ, ಕೊಂಡು ತಂದವನಿಗೆ ಋಣ ಕಡಿಮೆಯಾಗುವುದಿಲ್ಲ. ದೇವರ ಋಣದ ಜೊತೆಗೆ ಉತ್ತವನ, ನಟ್ಟವಳ, ಕೊಯ್ದವನ ಹೆಸರುಗಳೂ ಸೇರಿಕೊಳ್ಳುತ್ತವೆ.

ಇಲ್ಲಿ ನೀವು ತಡೆದು ಕೇಳಬಹುದು: "ದುಡ್ಡು ಕೊಟ್ಟಿದ್ದೇವಲ್ಲ, ಇನ್ನೇನು ಋಣ?" ಇದು ಹಗುರವಾದ ಆಕ್ಷೇಪವಲ್ಲ. ಸಂತ ತೋಮಸ್ ಅಕ್ವಿನಾಸರೂ ಕಾನೂನಿನ ಸಾಲ ಬೇರೆ, ಕೃತಜ್ಞತೆಯ ಸಾಲ ಬೇರೆ ಎಂದು ವಿಂಗಡಿಸುತ್ತಾರೆ. ಮಾರಿದವನು ಉಪಕಾರ ಮಾಡಿದವನಲ್ಲ. ಅವನಿಗೆ ಸಲ್ಲಬೇಕಾದದ್ದು ಮೊದಲು ನ್ಯಾಯ, ಅಂದರೆ ಸರಿಯಾದ ಬೆಲೆ, ಸರಿಯಾದ ಕೂಲಿ. ಆದರೆ ಇದನ್ನು ಒಪ್ಪಿಕೊಂಡಾಗ ನಮ್ಮ ತಲೆಯ ಮೇಲಿನ ಭಾರ ಇಳಿಯಿತೋ, ಏರಿತೋ? ಕೊಯ್ಲಿನ ಆಳಿನ ಕೂಲಿ ಉಳಿಸಿಕೊಂಡವರನ್ನು ಸಂತ ಯಕೋಬರು ತಮ್ಮ ಪತ್ರದ ಐದನೆಯ ಅಧ್ಯಾಯದಲ್ಲಿ ಎಷ್ಟು ಕಟುವಾಗಿ ಎಚ್ಚರಿಸುತ್ತಾರೆಂದು ಓದಿ ನೋಡಿ. ನ್ಯಾಯ ತೀರದೆ ಹೇಳಿದ ವಂದನೆ, ಅಂಗಡಿಯ ಬಾಕಿ ಇಟ್ಟು ಅಂಗಡಿಯವನಿಗೆ ಹಾರ ಹಾಕಿದಂತೆ. ಹುಡುಗ ಹೇಳಿದ ನಾಟಕ ಶುರುವಾಗುವುದು ಅಲ್ಲಿ. ತೆನೆ ಪಕ್ಕದ ಊರಿನದಾದ ಮಾತ್ರಕ್ಕೆ ನಾಟಕವಾಗುವುದಿಲ್ಲ.

ಅದೇ ಸಂತರು ಕೃತಜ್ಞತೆಗೆ ಮೂರು ಮೆಟ್ಟಿಲುಗಳನ್ನು ಹೇಳಿದ್ದಾರೆ: ಪಡೆದ ಉಪಕಾರವನ್ನು ಗುರುತಿಸುವುದು, ಬಾಯಿಬಿಟ್ಟು ವಂದಿಸುವುದು, ತಕ್ಕ ಸಮಯದಲ್ಲಿ ಶಕ್ತ್ಯನುಸಾರ ಹಿಂದಿರುಗಿಸುವುದು. ಎರಡನೆಯದರಲ್ಲಿ ನಾವು ಗಟ್ಟಿಗರು. ಬ್ಯಾಂಡು, ಪಟಾಕಿ, ಕಬ್ಬು ಎಲ್ಲ ಇದೆ. ಮೊದಲನೆಯದರಲ್ಲಿ ಸೋಲುತ್ತೇವೆ. ಗುರುತಿಸುವುದಕ್ಕೆ ಕಣ್ಣು ಬೇಕು.

ಮೊಂತಿ ಹಬ್ಬದ ದಿನ ಇಗರ್ಜಿಯ ಹಿಂಭಾಗ ನೋಡಿ. ಬಾಗಿಲ ಬಳಿ ನಾಲ್ಕೈದು ಮಂದಿ ಯುವಕರು ನಿಂತಿರುತ್ತಾರೆ. ನಮ್ಮ ಬಂದರುಗಳ ಬೋಟುಗಳಲ್ಲಿ ಈಗ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದವರು ಬಹಳ. ಅವರಲ್ಲಿ ಕಥೋಲಿಕರೂ ಇದ್ದಾರೆ. ತೆನೆ ಹಂಚುವುದು ವಿಚಾರಣೆಯ ಕುಟುಂಬಗಳ ಪಟ್ಟಿಯಂತೆ. ಪಟ್ಟಿಯಲ್ಲಿ ಅವರಿಲ್ಲ. ಯಾರೂ ಅವರನ್ನು ಹೊರಗೆ ಹೋಗೆನ್ನುವುದಿಲ್ಲ. ಯಾರೂ ಒಳಗೆ ಬಾ ಎನ್ನುವುದೂ ಇಲ್ಲ. ಪೂಜೆ ಮುಗಿದು ನಾವು ತೆನೆ ಹಿಡಿದು ಮನೆಗೆ, ಅವರು ಬರಿಗೈಯಲ್ಲಿ ಬಂದರಿಗೆ.

ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮಫಲದ ಕಟ್ಟಳೆ ಇದೆ. ಇಸ್ರಯೇಲಿನವನು ಬುಟ್ಟಿಯನ್ನು ಯಾಜಕನ ಕೈಗೆ ಕೊಟ್ಟರೆ ಸಾಲದು. ತನ್ನ ಮೂಲಪಿತೃ ನೆಲೆಯಿಲ್ಲದೆ ಅಲೆದವನು ಎಂಬುದನ್ನು ಎಲ್ಲರೆದುರು ಹೇಳಬೇಕು. ಬಳಿಕ ತನ್ನ ನಡುವೆ ಇರುವ ಪರದೇಶಿಯೊಂದಿಗೆ ಸೇರಿ ಸಂತೋಷಪಡಬೇಕು. ಎರಡು ಮಾತೂ ಒಂದೇ ವಿಧಿಯಲ್ಲಿ ಏಕೆ ಬಂದವು? ತಾನೂ ಹೊರಗಿನಿಂದ ಬಂದವನೆಂದು ನೆನಪಿದ್ದವನಿಗೆ ಮಾತ್ರ ಹೊರಗಿನವನು ಕಾಣುತ್ತಾನೆ. ಬೋವಜನ ಹೊಲದಲ್ಲಿ ಹಕ್ಕಲು ಆಯ್ದ ರೂತಳು ಮೋವಾಬಿನವಳು. ಅವಳ ವಂಶದಲ್ಲೇ ದಾವೀದನು, ಮುಂದೆ ನಮ್ಮ ಪ್ರಭು.

ನಮ್ಮ ಕಥೆಯೇನು? ಕೊಂಕಣಿ ಮಾತಾಡುವ ನಮ್ಮ ಹಿರಿಯರು ಗೋವಾದಿಂದ ಹೊರಟು ಗುಂಪುಗುಂಪಾಗಿ ಈ ಕರೆಗೆ ಬಂದವರು. ಬೇಸಾಯ ಬಲ್ಲವರೆಂದು ಕೆಳದಿಯ ನಾಯಕರ ಸೀಮೆಯಲ್ಲಿ ಅವರಿಗೆ ನೆಲೆ ಸಿಕ್ಕಿತು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಈ ಊರಿನವರು ಅಂದು ಬಾಗಿಲು ಮುಚ್ಚಿದ್ದರೆ ಮೊಂತಿ ಹಬ್ಬ ಎಲ್ಲಿರುತ್ತಿತ್ತು? 1681ರಿಂದ 1684ರ ತನಕ ಕೆನರಾದಲ್ಲಿ ಸೇವೆ ಮಾಡಿದ ಸಂತ ಜೋಸೆಫ್ ವಾಜರೂ ಗೋವಾದಿಂದ ಬಂದವರೇ. ಮುಂದೆ 1687ರಲ್ಲಿ ಅವರು ಸಿಂಹಳಕ್ಕೆ ಹೋದದ್ದು ಕೂಲಿಯಾಳಿನ ವೇಷದಲ್ಲಿ. 2015ರಲ್ಲಿ ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸ್‌ರವರು ಅವರನ್ನು ಸಂತಪದವಿಗೆ ಏರಿಸಿದಾಗ ನಾವೆಲ್ಲ 'ನಮ್ಮವರು' ಎಂದು ಹಿಗ್ಗಿದೆವು. ಕೂಲಿಯ ಬಟ್ಟೆಯಲ್ಲಿ ಅವರು ಇಂದು ನಮ್ಮ ಇಗರ್ಜಿಯ ಹಿಂದೆ ನಿಂತರೆ ತೆನೆ ಸಿಗುತ್ತದೆಯೇ?

ಮನೆಯೊಳಗಿನ ಮಾತನ್ನೂ ಹೇಳಬೇಕು. ಮೂರು, ಐದು, ಏಳು ಎಂದು ಬೆಸಸಂಖ್ಯೆಯ ತರಕಾರಿ ಪಲ್ಯ. ಮೀನಿನ ಪೇಟೆಯಲ್ಲಿದ್ದೂ ಅಂದು ಮೀನಿಲ್ಲದ ಊಟ. ತೆನೆಯ ಕಾಳು ಸುಲಿದು, ಅರೆದು, ಹಾಲಿಗೆ ಬೆರೆಸಿ, ಹಿರಿಯರು ಎಲ್ಲರಿಗೂ ಕೊಡುತ್ತಾರೆ. ದುಬೈಯಲ್ಲಿರುವ ಮಗನಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಹೋಗುತ್ತದೆ. ಬೇಲಿಯಾಚೆ ಇರುವ ಅಣ್ಣನ ಮನೆಗೆ, ಪಾಲುಪಟ್ಟಿಯ ಜಗಳದ ನಂತರ, ಹೋಗುವುದಿಲ್ಲ. ಇಂಥ ಮನೆಯಲ್ಲಿ ದೂರದ ಒಡಿಶಾದವನಿಗೆ ಎಲೆ ಹಾಕಿ ಎಂದರೆ ನಗು ಬಂದೀತು. ಆದರೂ ಪರಕೀಯನಿಗೆ ಎಲೆ ಹಾಕುವುದು ಕೆಲವೊಮ್ಮೆ ಅಣ್ಣನಿಗೆ ಹಾಕುವುದಕ್ಕಿಂತ ಸುಲಭ ಎಂಬುದನ್ನು ವಿಚಾರಣೆಯ ಮನೆಗಳನ್ನು ಕಂಡವನಾಗಿ ಹೇಳುತ್ತೇನೆ. ಸುಲಭದಿಂದ ಆರಂಭಿಸಿದರೆ ತಪ್ಪೇನೂ ಇಲ್ಲ.

ಪಟ್ಟಿಗೆ ಹತ್ತು ತೆನೆ ಹೆಚ್ಚು ಬರೆದರೆ ಗುರಿಕಾರರ ಖರ್ಚು ಎಷ್ಟು ಏರೀತು? ಭಾಷೆ ಬಾರದು ಎನ್ನುತ್ತೀರಿ, ನಮ್ಮ ಹಬ್ಬ ಅವರಿಗೆ ತಿಳಿಯದು ಎನ್ನುತ್ತೀರಿ. ಪಶ್ಚಿಮ ಒಡಿಶಾದಲ್ಲಿ ಚೌತಿಯ ಮರುದಿನವೇ ನುವಾಖಾಯಿ, ಅಂದರೆ ಹೊಸ ಅಕ್ಕಿಯ ಊಟ. ಛೋಟಾನಾಗಪುರದ ಆದಿವಾಸಿ ಕ್ರೈಸ್ತರು ಹೊಸ ಭತ್ತವನ್ನು ಇಗರ್ಜಿಗೆ ತಂದು ನವಾಖಾನಿ ಆಚರಿಸುತ್ತಾರೆ. ನಮ್ಮಲ್ಲಿ ತೆನೆ ಕೊಂಡು ತರುವ ದಿನಗಳಲ್ಲಿ ಅವರ ಮನೆಯ ಗದ್ದೆ, ಅವರಿಲ್ಲದೆ, ಹಣ್ಣಾಗುತ್ತಿರುತ್ತದೆ. ಬರುವ ಸೆಪ್ಟೆಂಬರ್ 8ರಂದು ಬಾಗಿಲ ಬಳಿ ನಿಂತವರಲ್ಲಿ ಒಬ್ಬನನ್ನು ಕೇಳಿ: ನಿಮ್ಮ ಊರಿನಲ್ಲಿ ಮೊದಲ ಕಾಳನ್ನು ಯಾರ ಕೈಗೆ ಕೊಡುತ್ತಾರೆ, ತಮ್ಮಾ?