ಪಕ್ಷ ಮತ್ತು ಪಕ್ಷಪಾತ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಅಧ್ಯಾಪಕನಾಗಿದ್ದೆ. ನಮ್ಮ ಉಪಜಿಲ್ಲೆಯ ಶಾಲಾ ಯುವಜನೋತ್ಸವದಲ್ಲಿ ಕನ್ನಡ ಕಂಠಪಾಠ ಸ್ಪರ್ಧೆಗೆ ತೀರ್ಪುಗಾರರಲ್ಲಿ ಒಬ್ಬನಾಗಿ ಕುಳಿತಿದ್ದೆ. ಸ್ಪರ್ಧಿಸಿದ ಹನ್ನೊಂದು ಮಕ್ಕಳಲ್ಲಿ ಒಬ್ಬಳು ರಜಾದಿನಗಳಲ್ಲಿ ನಮ್ಮ ಮನೆಯ ಜಗಲಿಗೆ ಬಂದು ನನ್ನಿಂದಲೇ ಪದ್ಯ ಹೇಳಿಸಿಕೊಂಡವಳು. ಈ ಸಂಗತಿಯನ್ನು ಸಂಘಟಕರಿಗೆ ತಿಳಿಸಬೇಕೆಂದು ನನಗೆ ತೋಚಲಿಲ್ಲ. ತೋಚಿತು, ಆದರೂ ಹೇಳಲಿಲ್ಲ ಎನ್ನುವುದೇ ಹೆಚ್ಚು ಸತ್ಯ. ಅವಳು ಚೆನ್ನಾಗಿಯೇ ಹೇಳಿದಳು. ಪ್ರಥಮ ಸ್ಥಾನ ಅವಳಿಗೆ ಹೋಯಿತು. ಉಳಿದ ಇಬ್ಬರು ತೀರ್ಪುಗಾರರ ಅಂಕಗಳೂ ಹಾಗೆಯೇ ಇದ್ದವು. ನನ್ನ ಅಂಕಗಳನ್ನು ಪೂರ್ತಿ ತೆಗೆದುಹಾಕಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ.

ಸಂಜೆ, ಎರಡನೆಯ ಸ್ಥಾನ ಪಡೆದ ಹುಡುಗನ ತಂದೆ ಶಾಲೆಯ ಗೇಟಿನ ಬಳಿ ನನಗಾಗಿ ಕಾದು ನಿಂತಿದ್ದರು. ಅವರ ಮನೆಮಾತು ಮಲಯಾಳ, ಮಗ ಓದುತ್ತಿದ್ದುದು ಕನ್ನಡ ಮಾಧ್ಯಮದಲ್ಲಿ. ಅವರು ಜಗಳಕ್ಕೆ ಬಂದವರಲ್ಲ. "ಮಾಷೆ, ಆ ಹುಡುಗಿ ನಿಮ್ಮಲ್ಲಿಗೆ ಕಲಿಯಲು ಬರುವವಳಲ್ಲವೋ?" ಎಂದು ಕೇಳಿದರು. ಹೌದೆಂದೆ. "ಅವಳೇ ಚೆನ್ನಾಗಿ ಹೇಳಿದ್ದು, ಅದು ಸರಿ. ಪಕ್ಷೇ, ಮಗನಿಗೆ ನಾನು ಏನೆಂದು ಹೇಳಲಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ಭಾಷೆಗಳ ನಡುವೆ ಬದುಕುವ ನಮಗೆ ಶಬ್ದಗಳು ಕೆಲವೊಮ್ಮೆ ಹೀಗೆ ಕೆಣಕುತ್ತವೆ. ಪಕ್ಷವೆಂದರೆ ಹಕ್ಕಿಯ ರೆಕ್ಕೆ, ತಿಂಗಳ ಅರ್ಧ, ವಾದದ ಒಂದು ಬದಿ. ರಾಜಕೀಯ ಸಂಘಟನೆಗೂ ಅದೇ ಹೆಸರು. ಒಂದು ಬದಿಗೆ ವಾಲುವುದು ಪಕ್ಷಪಾತ. ಇಷ್ಟು ಕನ್ನಡಕ್ಕೂ ಮಲಯಾಳಕ್ಕೂ ಸಮಾನ. ಮಲಯಾಳದಲ್ಲಿ ಮಾತ್ರ 'ಪಕ್ಷೇ' ಎಂದರೆ 'ಆದರೆ'. ಆ ತಂದೆಯ 'ಪಕ್ಷೇ' ಇಷ್ಟು ವರ್ಷವಾದರೂ ನನ್ನ ಕಿವಿಯಿಂದ ಹೋಗಿಲ್ಲ. 2016ರಲ್ಲಿ ಅಮೆರಿಕದ ಡೆಮೊಕ್ರಾಟಿಕ್ ಪಕ್ಷದೊಳಗೆ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಗಾಗಿ ನಡೆದ ಸ್ಪರ್ಧೆಯ ವರದಿಗಳನ್ನು ಪತ್ರಿಕೆಯಲ್ಲಿ ಓದುತ್ತಿದ್ದಾಗ ಅದು ಮತ್ತೆ ಮತ್ತೆ ಕೇಳಿಸಿತು.

ಅಲ್ಲಿನ ಕ್ರಮವನ್ನು ಚುಟುಕಾಗಿ ಹೇಳುತ್ತೇನೆ. ನಮ್ಮಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಸಾಮಾನ್ಯವಾಗಿ ಹೈಕಮಾಂಡ್ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ರಾಜ್ಯ ರಾಜ್ಯಗಳಲ್ಲಿ ಮತದಾರರು 'ಪ್ರೈಮರಿ' ಎಂಬ ಚುನಾವಣೆಯಲ್ಲೋ 'ಕಾಕಸ್' ಎಂಬ ಸಭೆಗಳಲ್ಲೋ ತಮ್ಮ ಒಲವನ್ನು ತಿಳಿಸುತ್ತಾರೆ. ಅದಕ್ಕನುಸಾರವಾಗಿ ಪ್ರತಿನಿಧಿಗಳು ಪಕ್ಷದ ಮಹಾಧಿವೇಶನಕ್ಕೆ ಹೋಗಿ ಅಭ್ಯರ್ಥಿಯನ್ನು ಘೋಷಿಸುತ್ತಾರೆ. ಈ ಪದ್ಧತಿ ಬಲವಾದುದು 1968ರ ನಂತರ. ಆ ವರ್ಷ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿಯವರನ್ನು ಷಿಕಾಗೋ ಅಧಿವೇಶನ ಅಭ್ಯರ್ಥಿಯನ್ನಾಗಿ ಆರಿಸಿತು. ಹೊರಗೆ ಬೀದಿಯಲ್ಲಿ ಪೊಲೀಸರ ಲಾಠಿಯೇಟು ನಡೆದಿತ್ತು. ಆ ಅವಮಾನದಿಂದ ಎಚ್ಚತ್ತ ಪಕ್ಷ ಮೆಕ್‌ಗವರ್ನ್-ಫ್ರೇಸರ್ ಆಯೋಗದ ಮೂಲಕ ನಿಯಮಗಳನ್ನು ಬದಲಿಸಿತು. 1972ರಲ್ಲಿ ಆ ಮೆಕ್‌ಗವರ್ನ್ ಅವರೇ ಅಭ್ಯರ್ಥಿಯಾಗಿ ಐವತ್ತರಲ್ಲಿ ನಲವತ್ತೊಂಬತ್ತು ರಾಜ್ಯಗಳನ್ನು ಸೋತರು. ಜನರ ಆಯ್ಕೆಗೆ ಹಿರಿಯರ ಕಡಿವಾಣ ಬೇಕೆಂಬ ಮಾತು ಮೆಲ್ಲನೆ ಎದ್ದಿತು. 1982ರಲ್ಲಿ ಹಂಟ್ ಆಯೋಗದ ಸಲಹೆಯಂತೆ, ಯಾರಿಗೆ ಬೇಕಾದರೂ ಮತ ಹಾಕಬಲ್ಲ ಪಕ್ಷದ ಮುಖಂಡರ ಒಂದು ವರ್ಗ ಹುಟ್ಟಿಕೊಂಡಿತು. ಇವರೇ 'ಸೂಪರ್ ಡೆಲಿಗೇಟು'ಗಳು. 2016ರಲ್ಲಿ ಇವರ ಸಂಖ್ಯೆ ಏಳುನೂರಕ್ಕಿಂತ ಹೆಚ್ಚು, ಅಂದರೆ ಒಟ್ಟು ಪ್ರತಿನಿಧಿಗಳಲ್ಲಿ ಶೇಕಡಾ 15ರಷ್ಟು.

ಆ ಸಲ ಎದುರುಬದುರಾದವರು ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್. ಕ್ಲಿಂಟನ್ ಪಕ್ಷದ ಮನೆಮಗಳು. ಸ್ಯಾಂಡರ್ಸ್ ಬಹುಕಾಲ ಪಕ್ಷೇತರರಾಗಿಯೇ ಸಂಸತ್ತಿನಲ್ಲಿದ್ದವರು. ಆಟವನ್ನು ನಡೆಸಬೇಕಾದುದು ಪಕ್ಷದ ರಾಷ್ಟ್ರೀಯ ಸಮಿತಿ. ಅದರ ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಟ್ಸ್ 2008ರಲ್ಲಿ ಕ್ಲಿಂಟನ್ನರ ಪ್ರಚಾರದ ಸಹ ಅಧ್ಯಕ್ಷೆಯರಲ್ಲಿ ಒಬ್ಬರಾಗಿದ್ದವರು. ದೂರುಗಳು ಒಂದೊಂದಾಗಿ ಬಂದವು. 2008ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಚರ್ಚಾಗೋಷ್ಠಿಗಳು ನಡೆದಿದ್ದರೆ ಈ ಸಲ ಸಮಿತಿ ಮೊದಲು ಒಪ್ಪಿದ್ದು ಆರಕ್ಕೆ ಮಾತ್ರ. ಅವುಗಳಲ್ಲಿ ಒಂದು ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ ರಾತ್ರಿ. ಹೆಚ್ಚು ಗೋಷ್ಠಿಗಳು ಬೇಕೆಂದು ಬಹಿರಂಗವಾಗಿ ಕೇಳಿದ ಸಮಿತಿಯ ಉಪಾಧ್ಯಕ್ಷೆ ತುಳಸಿ ಗಬ್ಬಾರ್ಡ್ 2016ರ ಫೆಬ್ರವರಿಯಲ್ಲಿ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಸ್ಯಾಂಡರ್ಸರ ಜೊತೆ ನಿಂತರು. ನ್ಯೂಯಾರ್ಕಿನಲ್ಲಿ ಪಕ್ಷ ಬದಲಿಸಿ ಹೆಸರು ನೋಂದಾಯಿಸಲು ಇದ್ದ ಕೊನೆಯ ದಿನ ಮತದಾನಕ್ಕಿಂತ ಆರು ತಿಂಗಳಿಗೂ ಹಿಂದೆಯೇ ಕಳೆದುಹೋಗಿತ್ತು. ಜೂನ್ 6ರಂದು, ಕ್ಯಾಲಿಫೋರ್ನಿಯದ ಮತದಾನಕ್ಕೆ ಒಂದು ದಿನ ಮುಂಚೆ, ಸುದ್ದಿಸಂಸ್ಥೆಯೊಂದು ಸೂಪರ್ ಡೆಲಿಗೇಟುಗಳನ್ನೂ ಎಣಿಸಿ ಕ್ಲಿಂಟನ್ ಗೆದ್ದರೆಂದು ಸಾರಿತು.

ಜುಲೈ 22ರಂದು ವಿಕಿಲೀಕ್ಸ್ ಸಮಿತಿಯ ಸುಮಾರು ಇಪ್ಪತ್ತು ಸಾವಿರ ಇ-ಮೇಲುಗಳನ್ನು ಹೊರಗೆಡವಿತು. ಸಮಿತಿಯ ಅಧಿಕಾರಿಯೊಬ್ಬರು ಸ್ಯಾಂಡರ್ಸರ ದೈವನಂಬಿಕೆಯ ವಿಷಯವನ್ನು ಯಾರ ಮೂಲಕವಾದರೂ ಎತ್ತಿಸಬಹುದಲ್ಲ ಎಂದು ಸೂಚಿಸಿದ ಪತ್ರವೂ ಅವುಗಳಲ್ಲಿತ್ತು. ಎರಡು ದಿನಗಳಲ್ಲಿ ಅಧ್ಯಕ್ಷೆ ತಮ್ಮ ರಾಜೀನಾಮೆಯನ್ನು ಪ್ರಕಟಿಸಿದರು. ಸಮಿತಿ ಕ್ಷಮೆ ಕೇಳಿತು. ಅವರ ಜಾಗಕ್ಕೆ ಬಂದ ಡೊನಾ ಬ್ರೆಜಿಲ್ ಅವರೇ ಹಿಂದೆ ಗೋಷ್ಠಿಯ ಪ್ರಶ್ನೆಯನ್ನು ಕ್ಲಿಂಟನ್ ಪಾಳೆಯಕ್ಕೆ ಮುಂಚಿತವಾಗಿ ತಿಳಿಸಿದ್ದರೆಂಬುದು ಅನಂತರ ಹೊರಬಿತ್ತು. 2017ರಲ್ಲಿ ಅದೇ ಬ್ರೆಜಿಲ್ ತಮ್ಮ ಪುಸ್ತಕದಲ್ಲಿ ಇನ್ನೊಂದು ಗುಟ್ಟು ಬಿಚ್ಚಿದರು. ಸಾಲದಲ್ಲಿ ಮುಳುಗಿದ್ದ ಸಮಿತಿ 2015ರ ಆಗಸ್ಟಿನಲ್ಲೇ, ಅಂದರೆ ಒಂದು ಮತವೂ ಬೀಳುವ ಮುಂಚೆ, ಕ್ಲಿಂಟನ್ ಪಾಳೆಯದೊಡನೆ ನಿಧಿಸಂಗ್ರಹದ ಒಪ್ಪಂದ ಮಾಡಿಕೊಂಡು ತನ್ನ ಕೆಲವು ನೇಮಕಾತಿ, ಖರ್ಚುವೆಚ್ಚಗಳಲ್ಲಿ ಅವರ ಮಾತು ನಡೆಯಲು ಬಿಟ್ಟಿತ್ತು.

ಇಲ್ಲಿ 'ಪಕ್ಷೇ' ಎನ್ನಬೇಕಾದ ಮೊದಲ ಜಾಗ ಬರುತ್ತದೆ. ಕ್ಲಿಂಟನ್ ಪಡೆದ ಮತಗಳು ಸುಮಾರು 1 ಕೋಟಿ 69 ಲಕ್ಷ, ಸ್ಯಾಂಡರ್ಸ್ ಪಡೆದದ್ದು ಸುಮಾರು 1 ಕೋಟಿ 32 ಲಕ್ಷ. ಸೂಪರ್ ಡೆಲಿಗೇಟುಗಳನ್ನು ಬದಿಗಿಟ್ಟರೂ, ಜನರು ಆರಿಸಿದ ಪ್ರತಿನಿಧಿಗಳಲ್ಲಿ ಕ್ಲಿಂಟನ್ನರದೇ ಬಹುಮತ. ಎಲ್ಲಕ್ಕಿಂತ ಹೆಚ್ಚಾಗಿ ಜನರ ಭಾಗವಹಿಸುವಿಕೆಯನ್ನು ಕಡಿಮೆ ಮಾಡುತ್ತಿದ್ದ ಪದ್ಧತಿಯೆಂದರೆ ಕಾಕಸ್. ಗಂಟೆಗಟ್ಟಲೆ ಸಭೆಯಲ್ಲಿ ಕುಳಿತುಕೊಳ್ಳಬಲ್ಲವರಿಗೆ ಮಾತ್ರ ಅಲ್ಲಿ ಮತ. ಆ ಪದ್ಧತಿಯಿಂದ ಹೆಚ್ಚು ಲಾಭವಾದದ್ದು ಸ್ಯಾಂಡರ್ಸರಿಗೆ. ಇನ್ನೂ ಒಂದು ವಿಪರ್ಯಾಸವುಂಟು. ಸೂಪರ್ ಡೆಲಿಗೇಟುಗಳ ವ್ಯವಸ್ಥೆಯೇ ಅನ್ಯಾಯವೆಂದು ಕೂಗಿದ ಪಾಳೆಯ, ಸೋಲು ಹತ್ತಿರವಾದಾಗ ಅದೇ ಸೂಪರ್ ಡೆಲಿಗೇಟುಗಳ ಮುಂದೆ ನಿಂತು, ನವೆಂಬರಿನಲ್ಲಿ ಗೆಲ್ಲಬಲ್ಲವರು ನಾವೇ, ನಮ್ಮ ಕಡೆ ಬನ್ನಿ ಎಂದು ಕೇಳಿಕೊಂಡಿತು. ನಿಯಮದ ನ್ಯಾಯಾನ್ಯಾಯ ನಾವು ಯಾವ ದಡದಲ್ಲಿದ್ದೇವೆ ಎಂಬುದರ ಮೇಲೆ ಹೇಗೆ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ತಾನು ಗೆಲ್ಲುವವನೋ ಸೋಲುವವನೋ ಎಂದು ತಿಳಿಯದೆ ಇದ್ದಾಗ ಒಪ್ಪಿಕೊಳ್ಳುವಂಥ ನಿಯಮವೇ ನ್ಯಾಯವಾದುದು ಎಂದು ಜಾನ್ ರಾಲ್ಸ್ 1971ರ ತನ್ನ ಗ್ರಂಥದಲ್ಲಿ ವಾದಿಸಿದ. ಆ ಒರೆಗಲ್ಲಿಗೆ ಉಜ್ಜಿದರೆ ಎರಡೂ ಪಾಳೆಯಗಳ ಚಿನ್ನದಲ್ಲಿ ತಾಮ್ರ ಕಾಣುತ್ತದೆ.

ಹಾಗಾದರೆ ಫಲಿತಾಂಶ ಬದಲಾಗದಿದ್ದ ಮೇಲೆ ಅನ್ಯಾಯವೆಲ್ಲಿ? ಆ ರಾತ್ರಿ ನಾನೂ ನನ್ನನ್ನು ಹೀಗೆಯೇ ಸಮಾಧಾನಪಡಿಸಿಕೊಂಡಿದ್ದೆ.

ಇದಕ್ಕೆ ಇನ್ನೊಂದು ಗಟ್ಟಿಯಾದ ವಾದವೂ ಉಂಟು: ಪಕ್ಷವೆಂದರೆ ಒಂದು ಖಾಸಗಿ ಮನೆ, ಮನೆಯವರು ತಮಗೆ ಬೇಕಾದವರನ್ನು ಆರಿಸಿಕೊಂಡರೆ ಕೇಳುವವರು ಯಾರು? ಸ್ಯಾಂಡರ್ಸರಿಗೆ ದೇಣಿಗೆ ಕೊಟ್ಟ ಕೆಲವರು ಸಮಿತಿಯ ಮೇಲೆ ಫ್ಲೋರಿಡಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದಾಗ ಸಮಿತಿಯ ವಕೀಲರು ಈ ಮಾತನ್ನು ಬಿಚ್ಚಿಯೇ ಹೇಳಿದರು. ಹಿಂದಿನ ಕಾಲದಂತೆ ಒಳಕೋಣೆಯಲ್ಲಿ ಚುಟ್ಟಾ ಸೇದುತ್ತ ಕುಳಿತು ಅಭ್ಯರ್ಥಿಯನ್ನು ಆರಿಸಲು ಸಹ ಪಕ್ಷಕ್ಕೆ ಸ್ವಾತಂತ್ರ್ಯವಿತ್ತು ಎಂಬುದು ಅವರ ವಾದದ ಸಾರ. 2017ರ ಆಗಸ್ಟಿನಲ್ಲಿ ದಾವೆ ವಜಾ ಆಯಿತು. ಪಕ್ಷ ನಿಷ್ಪಕ್ಷಪಾತವಾಗಿತ್ತೆಂದು ನ್ಯಾಯಾಲಯ ಹೇಳಲಿಲ್ಲ. ದಾವೆ ಹೂಡುವ ಅರ್ಹತೆ ಆ ವಾದಿಗಳಿಗಿಲ್ಲ ಎಂದಷ್ಟೇ ಹೇಳಿತು.

'ನಮ್ಮ ಮನೆ, ನಮ್ಮ ಇಷ್ಟ' ಎಂಬ ಈ ವಾದಕ್ಕೆ ಅಮೆರಿಕದಲ್ಲಿ ಹಳೆಯ, ನಾಚಿಕೆಯ ಚರಿತ್ರೆಯಿದೆ. ಟೆಕ್ಸಾಸಿನಲ್ಲಿ ಡೆಮೊಕ್ರಾಟಿಕ್ ಪಕ್ಷ ಕರಿಯರಿಗೆ ತನ್ನ ಪ್ರೈಮರಿಯಲ್ಲಿ ಮತ ಹಾಕಲು ಬಿಡುತ್ತಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಆ ಪಕ್ಷದ ಎದುರು ಗೆಲ್ಲುವವರೇ ಇಲ್ಲದ ಕಾರಣ ಪ್ರೈಮರಿಯೇ ನಿಜವಾದ ಚುನಾವಣೆ. ಪಕ್ಷ ಖಾಸಗಿ ಸಂಘ, ಯಾರನ್ನು ಸೇರಿಸಬೇಕೆಂಬುದು ಅದರ ಇಷ್ಟ ಎಂದು 1935ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತ್ತು. ಹ್ಯೂಸ್ಟನ್ನಿನ ಕರಿಯ ದಂತವೈದ್ಯ ಲಾನಿ ಸ್ಮಿತ್ ಹೂಡಿದ, ಥರ್ಗುಡ್ ಮಾರ್ಷಲ್ ವಾದಿಸಿದ ಮೊಕದ್ದಮೆಯಲ್ಲಿ, 1944ರಲ್ಲಿ ಅದೇ ಕೋರ್ಟು ತನ್ನ ತೀರ್ಪನ್ನು ತಿರುಗಿಸಿತು. ಸರಕಾರದ ಕಾನೂನಿನಡಿ ನಡೆದು ದೇಶವನ್ನು ಆಳುವವರನ್ನು ಆರಿಸುವ ದಾರಿಯ ಮೊದಲ ಮೆಟ್ಟಿಲನ್ನು ಯಾರೂ ತನ್ನ ಮನೆಯ ಮೆಟ್ಟಿಲೆಂದು ಮುಚ್ಚಿಡುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. 2016ರ ತಂಟೆಯನ್ನು ಆ ಘೋರ ಅನ್ಯಾಯಕ್ಕೆ ಸಮವೆನ್ನುವುದು ಮೂರ್ಖತನ. ಆದರೆ ವಾದದ ಬೇರು ಒಂದೇ.

ಅದೂ ಅಲ್ಲದೆ ಮನೆಯವರು ಮಾತು ಕೊಟ್ಟಿದ್ದರು. ಅಭ್ಯರ್ಥಿಗಳ ನಡುವೆ ಅಧ್ಯಕ್ಷರು ನಿಷ್ಪಕ್ಷಪಾತವಾಗಿ, ಸಮಾನವಾಗಿ ನಡೆದುಕೊಳ್ಳಬೇಕೆಂದು ಪಕ್ಷದ ಸನ್ನದಿನ ಐದನೆಯ ವಿಧಿಯಲ್ಲಿ ಬರೆದಿದೆ. ಒಳಕೋಣೆಯಲ್ಲಿ ಆರಿಸುತ್ತೇವೆಂದು ಮೊದಲೇ ಸಾರಿದ್ದರೆ ಅದು ಬೇರೆ ಮಾತು. ಒಪ್ಪದವರು ಬೇರೆ ದಾರಿ ಹಿಡಿಯುತ್ತಿದ್ದರು. ಮೈದಾನವೆಂದು ಕರೆದು, ಜನರನ್ನು ಸರದಿಯಲ್ಲಿ ನಿಲ್ಲಿಸಿ, ಸರಾಸರಿ 27 ಡಾಲರಿನಂತೆ ಅವರು ಕೊಟ್ಟ ಚಿಲ್ಲರೆ ದೇಣಿಗೆಯಿಂದ ಸ್ಪರ್ಧೆ ನಡೆಯುತ್ತಿರುವಾಗ, ಒಳಗೊಂದು ಒಪ್ಪಂದವನ್ನು ಮಡಚಿಟ್ಟಿರುವುದೇ ತಪ್ಪು. ಕಠಿಣವಾದ ನಿಯಮ ಬೇರೆ, ಮುಚ್ಚಿಟ್ಟ ನಿಯಮ ಬೇರೆ. ನ್ಯೂಯಾರ್ಕಿನ ಆರು ತಿಂಗಳ ಗಡುವು ಕಠಿಣ. ಆದರೆ ಎಲ್ಲರಿಗೂ ತಿಳಿದಿತ್ತು. ಪ್ರಶ್ನೆಯನ್ನು ಒಬ್ಬರಿಗೇ ಮುಂಚಿತವಾಗಿ ಹೇಳಿದ್ದು ತಿಳಿದಿರಲಿಲ್ಲ.

ಸಮಿತಿಯ ನೌಕರರಿಗೆ ಒಲವು ಇರಲೇಬಾರದಿತ್ತೆ? ಹಾಗೆನ್ನಲಾರೆ. ಆ ಹುಡುಗಿಯ ಮೇಲೆ ನನಗೂ ಒಲವಿತ್ತು. ಕಲಿಸಿದವನಿಗೆ ಇರದೆ ಹೇಗೆ? ತಕ್ಕಡಿ ಹಿಡಿದವನ ಮನಸ್ಸು ಎತ್ತಲಾದರೂ ವಾಲಲಿ, ಕೈ ವಾಲಬಾರದು. ಕೈಯ ಮೇಲೆ ನಂಬಿಕೆಯಿಲ್ಲದಿದ್ದರೆ ಸಭೆಯ ಮುಂದೆ ಹೇಳಿ ತಕ್ಕಡಿಯನ್ನು ಇನ್ನೊಬ್ಬರಿಗೆ ಕೊಡಬೇಕು. ನಿಷ್ಪಕ್ಷಪಾತವೆಂದರೆ ಇಷ್ಟೇ. ಇದು ಸಾಧುಸಂತರ ಗುಣವಲ್ಲ, ಸಾಮಾನ್ಯನೂ ಪಾಲಿಸಬಹುದಾದ ಶಿಸ್ತು.

ಪಕ್ಷ ಸ್ವಲ್ಪ ಪಾಠ ಕಲಿಯಿತೆಂದೂ ಹೇಳಬೇಕು. 2018ರ ಆಗಸ್ಟಿನಲ್ಲಿ ಷಿಕಾಗೋದಲ್ಲೇ ಸೇರಿದ ಸಮಿತಿ, ಪೈಪೋಟಿಯಿರುವ ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟುಗಳಿಗೆ ಮತವಿಲ್ಲವೆಂದು ತೀರ್ಮಾನಿಸಿತು. 2024ರ ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದಾಗ, ಪ್ರೈಮರಿಗಳೆಲ್ಲ ಮುಗಿದಿದ್ದ ಕಾರಣ, ಕಮಲಾ ಹ್ಯಾರಿಸ್ ಪ್ರತಿನಿಧಿಗಳ ಮತದಿಂದಲೇ ಅಭ್ಯರ್ಥಿಯಾದರು. ನಿಯಮ ಮುರಿಯಲಿಲ್ಲ, ಆದರೂ ನಮ್ಮನ್ನು ಕೇಳಲಿಲ್ಲವಲ್ಲ ಎಂಬ ಮಾತು ಕೆಲವರ ಬಾಯಲ್ಲಿ ಉಳಿಯಿತು. ಒಮ್ಮೆ ಕದಡಿದ ನೀರು ಬೇಗ ತಿಳಿಯಾಗುವುದಿಲ್ಲ.

ಕದಡಿದ ನೀರಿನಲ್ಲಿ ಮೀನು ಹಿಡಿಯುವವರೂ ಇರುತ್ತಾರೆ. ಆ ಇ-ಮೇಲುಗಳನ್ನು ಕದ್ದವರು ರಷ್ಯದ ಸೇನಾ ಗುಪ್ತಚರ ವಿಭಾಗದವರೆಂದು ಅಮೆರಿಕ 2018ರಲ್ಲಿ ಹನ್ನೆರಡು ಮಂದಿಯ ಮೇಲೆ ಆರೋಪ ಹೊರಿಸಿತು. ಕಳ್ಳ ತಂದ ಕನ್ನಡಿಯೆಂದು ಅದರಲ್ಲಿ ಕಂಡ ಮುಖ ಸುಳ್ಳಾಗುವುದಿಲ್ಲ. ಆದರೆ ಕನ್ನಡಿಯನ್ನು ನಾವೇ ಹಿಡಿದಿದ್ದರೆ ಕಳ್ಳನಿಗೆ ಕೆಲಸವಿರುತ್ತಿರಲಿಲ್ಲ.

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ಸ್ಪರ್ಧೆಯಲ್ಲಿ ಗೆದ್ದವರಿಗೆ ಬಹುಮಾನ ಸಿಗುತ್ತದೆ. ಸೋತವರಿಗೂ ಸಿಗಬೇಕಾದುದು ಒಂದಿದೆ: ತಾನು ಸರಿಯಾಗಿ ಸೋತೆ ಎಂಬ ನೆಮ್ಮದಿ. ಅದು ಸಿಕ್ಕಿದವನು ಮನೆಗೆ ಹೋಗಿ ಮತ್ತೆ ಅಭ್ಯಾಸ ಮಾಡುತ್ತಾನೆ. ಸಿಗದವನು ಮುಂದಿನ ವರ್ಷ ಬರುವುದೇ ಇಲ್ಲ, ಬಂದರೂ ತೀರ್ಪುಗಾರರ ಮುಖ ನೋಡುತ್ತಲೇ ಪದ್ಯ ಹೇಳುತ್ತಾನೆ. ನಾನು ಆ ಹುಡುಗನ ಪ್ರಥಮ ಸ್ಥಾನವನ್ನು ಕಸಿದುಕೊಳ್ಳಲಿಲ್ಲ, ಅದು ಅವನದಾಗಿರಲಿಲ್ಲ. ಅವನಿಂದ ಕಸಿದದ್ದು ಅವನ ಎರಡನೆಯ ಸ್ಥಾನವನ್ನು. ಜೊತೆಗೆ ಆ ಹುಡುಗಿಯ ಗೆಲುವಿಗೂ ಒಂದು ಕಲೆ ಅಂಟಿಸಿದೆ. ಯಾವ ನೆರವೂ ಇಲ್ಲದೆ ಗೆಲ್ಲುತ್ತಿದ್ದವಳು ಮಾಷ್ಟ್ರ ಹುಡುಗಿಯೆಂದು ಹೆಸರು ಪಡೆಯಬೇಕಾಯಿತು. ಕ್ಲಿಂಟನ್ನರ ಗತಿಯೂ ಹಾಗೆಯೇ ಆಯಿತೆಂದು ನನ್ನ ಎಣಿಕೆ.

ಮರುವರ್ಷ ಕರೆ ಬಂದಾಗ, ನನ್ನಲ್ಲಿ ಕಲಿತ ಮಗುವೊಂದು ಸ್ಪರ್ಧೆಯಲ್ಲಿದೆ, ಬೇರೆಯವರನ್ನು ಕೂರಿಸಿ ಎಂದು ಒಂದು ಕಾರ್ಡು ಬರೆದು ಹಾಕಿದೆ. ಎರಡು ಸಾಲಿನ ಕಾರ್ಡು. ಅದನ್ನು ಒಂದು ವರ್ಷ ಮುಂಚೆ ಬರೆದಿದ್ದರೆ ಆ ತಂದೆ ಅಂದು ಸಂಜೆ ನನಗಾಗಿ ಕಾಯದೆ, ಮಗನ ಕೈಹಿಡಿದು ಬಸ್ಸು ಹತ್ತುತ್ತಿದ್ದರು.