ನವೀಕರಣ ಮಾಡುವವನ ಹೊಣೆ

ಹಳೆಯ ವಸ್ತುವನ್ನು ಹೊಸದು ಮಾಡುವ ಕಾರ್ಯ ಮೇಲ್ನೋಟಕ್ಕೆ ಸತ್ಕಾರ್ಯವೆಂದೇ ತೋರುತ್ತದೆ. ಆದರೆ ಆ ಕಾರ್ಯಕ್ಕೆ ಕೈಯಿಕ್ಕಿದವನ ಮುಂದೆ ಮೂರು ಪ್ರಶ್ನೆಗಳು ಬಂದು ನಿಲ್ಲುತ್ತವೆ. ಯಾವುದನ್ನು ಇದ್ದ ಹಾಗೆಯೇ ಬಿಡಬೇಕು? ಯಾವುದನ್ನು ಬದಲಿಸಬಹುದು? ಬದಲಿಸಿದ ಬಳಿಕವೂ ಅದನ್ನು ಹಳೆಯ ಹೆಸರಿನಿಂದಲೇ ಕರೆಯುವುದು ಸತ್ಯಕ್ಕೆ ಒಪ್ಪುತ್ತದೆಯೇ? ಜೀರ್ಣವಾದ ಕಟ್ಟಡವನ್ನೋ ಹಳೆಯ ಹಸ್ತಪ್ರತಿಯನ್ನೋ ಉದ್ಧರಿಸಹೊರಟವರಿಗೆ ಈ ಪ್ರಶ್ನೆಗಳು ಹೊಸವಲ್ಲ. ಮಕ್ಕಳ ವಿನೋದವೆಂದು ಹಿರಿಯರು ಕಡೆಗಣಿಸುವ ವಿಡಿಯೋ ಆಟಗಳ ಕ್ಷೇತ್ರದಲ್ಲಿಯೂ ಇವೇ ಪ್ರಶ್ನೆಗಳು ಎದುರಾಗಿವೆ ಎಂಬುದು ಗಮನಾರ್ಹ. ಜಪಾನಿನ ಒಂದು ಆಟದ ಚರಿತ್ರೆಯನ್ನು ಇಲ್ಲಿ ನಿದರ್ಶನವಾಗಿ ನೋಡಬಹುದು.

ಸ್ಕ್ವೇರ್ ಎಂಬ ಸಂಸ್ಥೆ 1990ರ ಏಪ್ರಿಲ್ 27ರಂದು 'ಫೈನಲ್ ಫ್ಯಾಂಟಸಿ 3' ಎಂಬ ಆಟವನ್ನು ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕಾಗಿ ಬಿಡುಗಡೆ ಮಾಡಿತು. ಹಿರೊನೊಬು ಸಕಾಗುಚಿ ಇದರ ನಿರ್ದೇಶಕರು. ನೊಬುವೊ ಉಎಮಾತ್ಸು ಸಂಗೀತ ಸಂಯೋಜಕರು. ಆಡುವವನು ಕಥೆಯೊಳಗಿನ ಪಾತ್ರಗಳನ್ನು ತಾನೇ ವಹಿಸಿ, ಊರೂರು ಅಲೆದು, ವಿದ್ಯೆ ಕಲಿತು, ಹಲವು ದಿನಗಳ ಬಳಿಕ ಕಥೆಯ ಕೊನೆಯನ್ನು ಮುಟ್ಟುವ ಬಗೆಯ ಆಟವಿದು. ಉರ್ ಎಂಬ ಹಳ್ಳಿಯ ನಾಲ್ವರು ಅನಾಥ ಬಾಲಕರು ಇದರ ನಾಯಕರು. ಇಷ್ಟೆಲ್ಲವನ್ನೂ 512 ಕಿಲೋಬೈಟ್‌ಗಳಷ್ಟು ಅಲ್ಪ ಸ್ಥಳದಲ್ಲಿ ಅಡಕಗೊಳಿಸಲಾಗಿತ್ತು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೂ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಸ್ಥಳ ಬೇಕಾಗುತ್ತದೆ.

ಈ ಆಟ ಹದಿನಾರು ವರ್ಷಗಳ ಕಾಲ ಜಪಾನಿನ ಹೊರಗೆ ಮಾರಾಟಕ್ಕೆ ಬರಲಿಲ್ಲ. ಇದರ ಹಿಂದಿನ ಎರಡು ಆಟಗಳು 2000 ಮತ್ತು 2001ರಲ್ಲಿ ವಂಡರ್‌ಸ್ವಾನ್ ಕಲರ್ ಎಂಬ ಕೈಯಂತ್ರದಲ್ಲಿ ಹೊಸ ರೂಪ ಪಡೆದವು. ಮೂರನೆಯದೂ ಬರುವುದೆಂದು ಪ್ರಕಟಿಸಿದ್ದರೂ ಅದು ಬರಲೇ ಇಲ್ಲ. ಮೂಲ ಆಟದ ರಚನೆಯಲ್ಲಿ ಪಾಲ್ಗೊಂಡಿದ್ದ ಹಿರೊಮಿಚಿ ತನಾಕಾ ಅವರು ಇದಕ್ಕೆ ಕಾರಣವನ್ನು ವಿವರಿಸಿದ್ದಾರೆ: ಆಟದ ವಿಸ್ತಾರ ಬಹಳ ದೊಡ್ಡದು, ಹೊಸ ಚಿತ್ರ, ಹೊಸ ಸಂಗೀತಗಳಿಗೆ ಬೇಕಾದ ಸ್ಥಳವಾಗಲಿ ದುಡಿಯುವ ಕೈಗಳಾಗಲಿ ಸಾಲದಾಗಿದ್ದವು. ಕೊನೆಗೆ ಅವರ ಮುಂದಾಳತ್ವದಲ್ಲಿಯೇ 2006ರ ಆಗಸ್ಟ್ 24ರಂದು ನಿಂಟೆಂಡೊ ಡಿಎಸ್ ಎಂಬ ಕೈಯಂತ್ರಕ್ಕೆ ಈ ಆಟದ ನವೀಕೃತ ರೂಪ ಹೊರಬಂದಿತು. ಚಪ್ಪಟೆ ಚಿತ್ರಗಳ ಬದಲಿಗೆ ಮೂರು ಆಯಾಮದ ಬೊಂಬೆಗಳು ಬಂದವು. ಅದೇ ವರ್ಷದ ನವೆಂಬರಿನಲ್ಲಿ ಅದು ಅಮೆರಿಕೆಯನ್ನೂ ತಲುಪಿತು.

ಇಲ್ಲಿ ಮೊದಲ ಪ್ರಶ್ನೆ ಹುಟ್ಟುತ್ತದೆ. ಮೂಲದಲ್ಲಿ ನಾಲ್ವರು ಬಾಲಕರಿಗೂ ಹೆಸರಿರಲಿಲ್ಲ. ಆಡುವವನೇ ಅವರಿಗೆ ನಾಮಕರಣ ಮಾಡಬೇಕಾಗಿತ್ತು. ತನ್ನ ಹೆಸರನ್ನೋ ಒಡಹುಟ್ಟಿದವರ ಹೆಸರನ್ನೋ ಅವರಿಗೆ ಇಡಬಹುದಾಗಿತ್ತು. ಹೊಸ ರೂಪದಲ್ಲಿ ಅವರು ಲೂನೆತ್, ಆರ್ಕ್, ರೆಫಿಯಾ, ಇಂಗಸ್ ಆದರು. ಒಬ್ಬಳು ಕಮ್ಮಾರನ ಮನೆಯ ಹುಡುಗಿ, ಇನ್ನೊಬ್ಬ ಅರಮನೆಯ ಸೈನಿಕ. ಇದರಿಂದ ಕಥೆಗೆ ಪುಷ್ಟಿ ಬಂತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆಡುವವನಿಗಾಗಿ ಬಿಟ್ಟಿದ್ದ ಸ್ಥಳ ತುಂಬಿಹೋಯಿತು. ಖಾಲಿಯಾಗಿ ಕಾಣುವುದೆಲ್ಲ ಕೊರತೆಯಲ್ಲ. ಅದು ಬರುವವನಿಗಾಗಿ ಕಾದಿರಿಸಿದ ಆಸನವೂ ಆಗಿರಬಹುದು. ನವೀಕರಿಸುವವನು ಈ ಎರಡರ ಭೇದವನ್ನು ಅರಿಯಬೇಕಾಗುತ್ತದೆ.

ಎರಡನೆಯ ಪ್ರಶ್ನೆ ಕಷ್ಟಕ್ಕೆ ಸಂಬಂಧಿಸಿದ್ದು. ಮೂಲ ಆಟದ ಕೊನೆಯಲ್ಲಿ ಒಂದು ಸ್ಫಟಿಕದ ಗೋಪುರವಿದೆ. ಅದನ್ನು ಏರಿ, ಅದರಾಚೆಯ ಕತ್ತಲ ಲೋಕವನ್ನು ಹೊಕ್ಕು, ಅಲ್ಲಿ ಒಬ್ಬರಾದ ಮೇಲೊಬ್ಬರಂತೆ ಬಲಿಷ್ಠ ವೈರಿಗಳನ್ನು ಗೆಲ್ಲಬೇಕು. ಈ ದಾರಿಯುದ್ದಕ್ಕೂ ಆಟದ ಸ್ಥಿತಿಯನ್ನು ಉಳಿಸಿಕೊಳ್ಳುವ ತಾಣ ಒಂದೂ ಇಲ್ಲ. ಕೊನೆಯ ಗಳಿಗೆಯಲ್ಲಿ ಸೋತರೆ ಗೋಪುರದ ಬುಡದಿಂದ ಮತ್ತೆ ಹೊರಡಬೇಕು. ಮನೆಯಲ್ಲಿ ದೂರದರ್ಶನದ ಮುಂದೆ ಗಂಟೆಗಟ್ಟಲೆ ಕುಳಿತವನಿಗೆ ಇದು ಕಠಿಣವಾದರೂ ನ್ಯಾಯವಾದ ಪರೀಕ್ಷೆಯಾಗಿತ್ತು. ಕೈಯಂತ್ರದ ಸಂಗತಿ ಬೇರೆ. ರೈಲಿನಲ್ಲಿ ಆಡುವವನು ನಿಲ್ದಾಣ ಬಂದೊಡನೆ ಇಳಿಯಲೇಬೇಕು. 2006ರ ತಯಾರಕರು ಇಲ್ಲಿ ಮಧ್ಯಮ ಮಾರ್ಗವನ್ನು ಹಿಡಿದರು. ಆಟವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಯಂತ್ರವನ್ನು ಆರಿಸಬಹುದು. ಆದರೆ ಪುನಃ ಆರಂಭಿಸಿದ ಕೂಡಲೇ ಆ ತಾತ್ಕಾಲಿಕ ದಾಖಲೆ ಅಳಿಸಿಹೋಗುತ್ತದೆ. ಗೋಪುರದ ನಿಯಮ ಹಾಗೆಯೇ ಉಳಿಯಿತು. ಆಡುವವನ ಜೀವನಕ್ರಮಕ್ಕೂ ಮನ್ನಣೆ ದೊರೆಯಿತು. ಕಷ್ಟದಲ್ಲಿ ಎರಡು ಬಗೆ. ಒಂದು ಸಾಧನೆಗೆ ಬೆಲೆ ಕೊಡುತ್ತದೆ, ಇನ್ನೊಂದು ಬರಿಯ ಅನನುಕೂಲ. ಎರಡನೆಯದನ್ನು ನೀಗಿಸಿ ಮೊದಲನೆಯದನ್ನು ಕಾಪಾಡುವುದೇ ವಿವೇಕ.

ಅದೇ ತಯಾರಕರು ಬೇರೊಂದು ಕಡೆ ಎಡವಿದರು. ಮೂಲದಲ್ಲಿ 'ಆನಿಯನ್ ನೈಟ್' ಎಂಬುದು ನಾಲ್ವರೂ ಆರಂಭದಲ್ಲಿಯೇ ತೊಟ್ಟುಬರುವ ವೇಷ. ಹೊಸ ರೂಪದಲ್ಲಿ ಅದನ್ನು ಗುಪ್ತ ಬಹುಮಾನವಾಗಿ ಅಡಗಿಸಿಟ್ಟರು. ಅದನ್ನು ಪಡೆಯಲು ಅದೇ ಆಟವನ್ನು ಹೊಂದಿದ ನಿಜವಾದ ಮಿತ್ರರಿಗೆ ಯಂತ್ರದ ಮೂಲಕ ಪತ್ರಗಳನ್ನು ಕಳುಹಿಸಬೇಕಾಗಿತ್ತು. ಸ್ನೇಹವನ್ನು ಬೆಳೆಸುವ ಉದ್ದೇಶ ಒಳ್ಳೆಯದೇ. ಆದರೆ ಏಕಾಂಗಿಯಾಗಿ ಆಡುವವನಿಗೆ ಬಾಗಿಲು ಮುಚ್ಚಿತು. 2014ರ ಮೇ 20ರಂದು ನಿಂಟೆಂಡೊ ಆ ಯಂತ್ರದ ಅಂತರ್ಜಾಲ ಸೇವೆಯನ್ನೇ ನಿಲ್ಲಿಸಿದಾಗ ದೂರದ ಮಿತ್ರರಿಗೆ ಪತ್ರ ಬರೆಯುವ ದಾರಿಯೂ ಇಲ್ಲವಾಯಿತು. 1990ರಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ದೊರೆತಿದ್ದುದು ಹೀಗೆ ಅನೇಕರಿಗೆ ಎಟುಕದಂತಾಯಿತು. ನಂತರದ ಆವೃತ್ತಿಗಳಲ್ಲಿ ಈ ನಿಬಂಧನೆಯನ್ನು ಕೈಬಿಟ್ಟರು. ಹಳೆಯದನ್ನು ಉಳಿಸುತ್ತೇನೆಂದು ಹೊರಟವನು ಅದನ್ನು ತನಗಿಂತ ಬೇಗ ಅಳಿಯುವ ಆಧಾರಕ್ಕೆ ಕಟ್ಟಬಾರದು.

ಮುಂದೆ 2021ರಲ್ಲಿ ಸ್ಕ್ವೇರ್ ಎನಿಕ್ಸ್ ಸಂಸ್ಥೆ ಮೂಲದ ಚಪ್ಪಟೆ ಚಿತ್ರಶೈಲಿಗೆ ಹಿಂತಿರುಗಿ ಇನ್ನೊಂದು ರೂಪವನ್ನು ಹೊರತಂದಿತು; 2023ರ ಏಪ್ರಿಲ್ 19ರಂದು ಅದು ಕೈಯಲ್ಲಿ ಹಿಡಿದೂ ಆಡಬಹುದಾದ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಬಂದಿತು. ಹೆಸರಿಲ್ಲದ ನಾಲ್ವರು ಮರಳಿದರು. ಹಳೆಯ ನಾದವೋ ಹೊಸ ವಾದ್ಯಮೇಳವೋ ಎಂಬುದನ್ನು ಕೇಳುವವನೇ ಆರಿಸಬಹುದು. ನಡುವೆ ಎದುರಾಗುವ ಕಾಳಗಗಳನ್ನು ನಿಲ್ಲಿಸಬಹುದು, ಅನುಭವದ ಗಳಿಕೆಯನ್ನು ನಾಲ್ಕು ಪಟ್ಟು ಹೆಚ್ಚಿಸಿಕೊಳ್ಳಬಹುದು. ಸುಲಭದ ದಾರಿ ತೆರೆದಿರುವಾಗ ಕಠಿಣವನ್ನು ಯಾರು ಆರಿಸಿಯಾರು ಎಂಬ ಆಕ್ಷೇಪ ಸಹಜ. ಆದರೆ ಬೇರೆ ದಾರಿಯಿಲ್ಲದೆ ಪಟ್ಟ ಕಷ್ಟಕ್ಕಿಂತ, ದಾರಿಯಿದ್ದೂ ತಾನಾಗಿ ಒಪ್ಪಿಕೊಂಡ ಕಷ್ಟ ಹಿರಿದಲ್ಲವೇ? ಮುಪ್ಪಿನಿಂದ ಕೈ ನಡುಗುವವನಿಗೆ, ಬಿಡುವಿಲ್ಲದೆ ದುಡಿಯುವವನಿಗೆ ಕಥೆಯ ಕೊನೆಯನ್ನು ಕಾಣುವ ಹಕ್ಕು ಇಲ್ಲವೆನ್ನುವುದು ನಿಷ್ಠುರತೆ. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಸೌಕರ್ಯವನ್ನು ಯಾರ ಮೇಲೂ ಹೇರಿಲ್ಲ, ಬದಲಾವಣೆಯನ್ನು ಮುಚ್ಚಿಟ್ಟಿಲ್ಲ.

ಇದು ವ್ಯಾಪಾರಧರ್ಮಕ್ಕೂ ಸಲ್ಲುವ ಮಾತು. ಹೆಸರೆಂಬುದು ಕೊಳ್ಳುವವನಿಗೆ ಕೊಟ್ಟ ವಚನ. ಸರಕನ್ನು ಬದಲಿಸುವುದು ತಪ್ಪಲ್ಲ. ಬದಲಿಸಿದ್ದನ್ನು ಹೇಳದೆ ಹಳೆಯ ಹೆಸರಿನಲ್ಲಿ ತೂಗಿಕೊಡುವುದು ತಪ್ಪು.

ಈ ಆಟದ ಕಥೆಯಲ್ಲಿಯೇ ಇದಕ್ಕೊಂದು ಸೂಚನೆಯಿದೆ. ನೋವಾ ಎಂಬ ಮಹಾಮಾಂತ್ರಿಕ ತನ್ನ ಮೂವರು ಶಿಷ್ಯರಿಗೆ ಮೂರು ಕೊಡುಗೆಗಳನ್ನು ನೀಡುತ್ತಾನೆ. ಡೋಗಾನಿಗೆ ಮಂತ್ರಶಕ್ತಿ, ಉನೆಗೆ ಸ್ವಪ್ನಲೋಕ, ಜಾಂಡೆಗೆ ಮನುಷ್ಯರ ಮರ್ತ್ಯ ಬದುಕು. ಸಾವಿರುವ ಬದುಕೇ ಒಂದು ಕೊಡುಗೆಯೆಂಬುದನ್ನು ಅರಿಯದ ಜಾಂಡೆ ಕಾಲವನ್ನೇ ತಡೆಯಹೊರಡುತ್ತಾನೆ. ಲೋಕದ ಸಮತೋಲ ಕೆಡುತ್ತದೆ. ಹಳೆಯದು ಎಳ್ಳಷ್ಟೂ ಬದಲಾಗಕೂಡದೆಂದು ಹಟ ಹಿಡಿಯುವವನು ಜಾಂಡೆಯ ದಾರಿಯಲ್ಲಿದ್ದಾನೆ. ಹಳೆಯದನ್ನು ಮುಚ್ಚಿಹಾಕಿ ತನ್ನದನ್ನೇ ಮೂಲವೆಂದು ಸಾರುವವನು ಹಿಂದಿನವರ ಋಣವನ್ನು ಮರೆತಿದ್ದಾನೆ. ಇವೆರಡರ ನಡುವೆ, ಏನನ್ನು ಬದಲಿಸಿದೆನೆಂದು ಹೇಳಿ, ಮೂಲದತ್ತ ಹೋಗುವ ದಾರಿಯನ್ನು ತೆರೆದಿಟ್ಟು, ಮುಂದಿನವರ ಕೈಗೆ ಒಪ್ಪಿಸಿ ಸರಿಯುವವನೇ ನವೀಕರಣಕ್ಕೆ ಅರ್ಹನು.